ಬಡಗಿಯ ದೃಷ್ಟಾಂತ ಮತ್ತು ಒಡೆತನದ ಭಾವ

"ನಿನ್ನ ಸ್ವಂತದ್ದೆಂದು ತಿಳಿದು ಕೆಲಸ ಮಾಡಪ್ಪ" ಎಂಬ ಉಪದೇಶವನ್ನು ಸಂಬಳಕ್ಕೆ ನಿಂತ ಪ್ರತಿಯೊಬ್ಬ ಕಸಬುದಾರನೂ ಒಂದಿಲ್ಲೊಂದು ದಿನ ಕೇಳಿಯೇ ಇರುತ್ತಾನೆ. ದಾವಣಗೆರೆಯ ಬೆಣ್ಣೆದೋಸೆಯ ಕಾವಲಿಯ ಮುಂದೆ ಬೇಯುವವನಿಗೂ, ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳನ್ನು ತಿರುವುವವನಿಗೂ, ಹರಿಹರದ ಲೇತ್ ಅಂಗಡಿಯ ಟರ್ನರನಿಗೂ ಈ ಮಾತು ಒಂದೇ. ನಮ್ಮ ಸಮಾಜದ ಮನೆಗಳಿಂದಲೂ ಐ.ಟಿ.ಐ. ಮುಗಿಸಿದ ತರುಣರು ಇಂದು ಫಿಟ್ಟರರಾಗಿ, ಎಲೆಕ್ಟ್ರಿಷಿಯನ್ನರಾಗಿ ಪರರ ಕೈಕೆಳಗೆ ದುಡಿಯುತ್ತಿದ್ದಾರೆ. ಹಗಲು ಯಜಮಾನರ ಬಾಯಿಂದ "ಎಲ್ಲವೂ ನಿನ್ನದೇ" ಎಂದು ಕೇಳಿ, ಸಂಜೆ ಪ್ರವಚನಕ್ಕೆ ಬಂದು "ನಿನ್ನದೆಂಬುದು ಯಾವುದೂ ಇಲ್ಲ" ಎಂದು ಕೇಳುವ ಅವರಿಗೆ ಸಂಶಯ ಹುಟ್ಟುವುದು ಸಹಜವಾಗಿದೆ. ಇವೆರಡರಲ್ಲಿ ಯಾವುದನ್ನು ನಂಬಬೇಕು? "ಎರಡೂ ಸರಿ" ಎಂದು ತೇಲಿಸಿಬಿಡುವ ರೂಢಿ ನಮ್ಮ ವೇದಿಕೆಗಳಲ್ಲಿ ಉಂಟು. ಅದು ಪ್ರಶ್ನೆ ಕೇಳಿದವನಿಗೆ ಮಾಡುವ ಉಪಕಾರವಲ್ಲ.

ಪರರಿಗಾಗಿ ದುಡಿಯುವ ಕಸಬುದಾರನು ಬ್ರಹ್ಮಸೂತ್ರಗಳಲ್ಲಿಯೇ ಬಂದು ನಿಂತಿದ್ದಾನೆಂಬುದನ್ನು ಅನೇಕರು ಗಮನಿಸಿರಲಾರರು. ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನ ಕರ್ತೃತ್ವವನ್ನು ವಿಚಾರಿಸುವಾಗ ಸೂತ್ರಕಾರರು ತಕ್ಷನನ್ನು, ಎಂದರೆ ಬಡಗಿಯನ್ನು, ದೃಷ್ಟಾಂತವಾಗಿ ಕೊಡುತ್ತಾರೆ. ಶ್ರೀ ಶಂಕರಾಚಾರ್ಯರ ವ್ಯಾಖ್ಯಾನದಲ್ಲಿ ಈ ಬಡಗಿಯು ಉಳಿ ಬಾಚಿಗಳನ್ನು ಹಿಡಿದಿರುವ ತನಕ ಕರ್ತೃವೂ ದುಃಖಿಯೂ ಆಗಿದ್ದು, ಅವುಗಳನ್ನಿಳಿಸಿ ಮನೆಗೆ ಬಂದಾಗ ಕೆಲಸವಿಲ್ಲದವನಾಗಿ ಸುಖಿಯಾಗುತ್ತಾನೆ. ಕರ್ತೃತ್ವವು ಉಪಾಧಿಯಿಂದ ಬಂದದ್ದು, ಉಪಾಧಿ ಹೋದರೆ ಅದೂ ಹೋಗುವುದೆಂದು ಅಲ್ಲಿಯ ಅಭಿಪ್ರಾಯ. ಶ್ರೀಮದಾಚಾರ್ಯರ ಭಾಷ್ಯದಲ್ಲಿಯೂ ಬಡಗಿ ಅವನೇ. ಆದರೆ ನೋಟ ಬೇರೆ. ಮಾಡಿಸುವವನೊಬ್ಬನ ನಿಯಮನಕ್ಕೆ ಒಳಪಟ್ಟಿರುವುದು, ತಾನು ಕರ್ತೃವಾಗಿರುವುದು ಎಂಬ ಎರಡೂ ಬಡಗಿಯಲ್ಲಿ ಹೇಗೆ ಒಟ್ಟಿಗಿವೆಯೋ ಹಾಗೆಯೇ ಜೀವನಲ್ಲಿಯೂ ಇವೆಯೆಂದು ಅವರು ಹೇಳುತ್ತಾರೆ. ಪರಾಧೀನತೆಯು ಕರ್ತೃತ್ವವನ್ನು ಸುಳ್ಳುಮಾಡುವುದಿಲ್ಲ.

ಇದನ್ನು ಆಡುಮಾತಿಗೆ ಇಳಿಸೋಣ. ಬಾಗಿಲಿನ ಮರ ಮನೆಯವರದು, ಅಳತೆ ಅವರು ಹೇಳಿದ್ದು, ಬಾಗಿಲು ನಿಲ್ಲುವುದೂ ಅವರ ಮನೆಗೇ. ಬಡಗಿಯದೆಂಬುದು ಅಲ್ಲಿ ಒಂದು ಚಕ್ಕೆಯೂ ಇಲ್ಲ. ಆದರೂ ಕೂಡು ಹಿಡಿಸಿದವನು ಅವನೇ. ಮಳೆಗಾಲದಲ್ಲಿ ಬಾಗಿಲು ಬಿಗಿಯಾದರೆ, ಬೇಸಗೆಯಲ್ಲಿ ಸಂದು ಬಿಟ್ಟರೆ ಜನ ಯಾರನ್ನು ಕರೆಸುತ್ತಾರೆ? ಮರದ ಯಜಮಾನನನ್ನಲ್ಲ. ಆದ್ದರಿಂದ ಕಸಬುದಾರನು ತಾನು ಒಡೆಯನೆಂದು ನಟಿಸಬೇಕಾದ ಅಗತ್ಯವೇ ಇಲ್ಲವೆಂಬುದು ನಮ್ಮ ಅಭಿಪ್ರಾಯ. ಅವನ ಪಾಲಿಗೆ ನಿಜವಾಗಿ ಬಂದಿರುವುದು ಕ್ರಿಯೆ, ವಸ್ತುವಲ್ಲ.

ಈ ವಿವೇಕ ತಪ್ಪಿದರೆ ಆಗುವ ಅನರ್ಥಗಳು ಸಣ್ಣವಲ್ಲ. ಛತ್ರದ ಅಡುಗೆಯವನು ಉಗ್ರಾಣವನ್ನು "ನನ್ನದೇ" ಎಂದು ಭಾವಿಸಿದರೆ ತುಪ್ಪದ ಡಬ್ಬಿ ಯಾವ ಮನೆಗೆ ಹೋದೀತೆಂದು ಬಿಡಿಸಿ ಹೇಳಬೇಕಾಗಿಲ್ಲ! "ನನ್ನದಲ್ಲವಲ್ಲ" ಎಂದು ಭಾವಿಸಿದವನು ಸಾರನ್ನು ಸೀಯಿಸಿ ಸುಮ್ಮನಿರುತ್ತಾನೆ. ಒಬ್ಬನು ವಸ್ತುವಿಗೆ ಕೈಹಾಕಿದ, ಇನ್ನೊಬ್ಬನು ಕ್ರಿಯೆಯಿಂದ ಕೈತೊಳೆದುಕೊಂಡ.

ಇವೆರಡಕ್ಕಿಂತಲೂ ಕರುಣಾಜನಕವಾದ ಮೂರನೆಯ ಸ್ಥಿತಿಯೊಂದನ್ನು ನಮ್ಮ ಹರಿಹರವೇ ಕಂಡಿದೆ. 1941ರಲ್ಲಿ ತುಂಗಭದ್ರೆಯ ಈ ದಡದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಲೇತಿನ ಹಾಸನ್ನು ಸಮಮಾಡುವ ಕುಶಲಕರ್ಮವನ್ನು ನೋಡಿದವರಿಗೆ ಅದರ ತಾಳ್ಮೆ ತಿಳಿದೀತು. ಸಮತಲದ ಫಲಕಕ್ಕೆ ನೀಲಿಬಣ್ಣ ಸವರಿ, ಹಾಸಿನ ಮೇಲೆ ಉಜ್ಜಿ, ಬಣ್ಣ ತಗುಲಿದ ಉಬ್ಬುಗಳನ್ನು ಮಾತ್ರ ಕೈಯಿಂದ ಕೆರೆಯಬೇಕು. ಮತ್ತೆ ಬಣ್ಣ, ಮತ್ತೆ ಕೆರೆತ. ಹೀಗೆ ಸಿದ್ಧಪಡಿಸಿದ ಮೈಯಲ್ಲಿ ಎಷ್ಟೋ ಭಾಗ ಸ್ಯಾಡಲಿನ ಅಡಿಯಲ್ಲಿ ಅಡಗಿಹೋಗುವುದು. ಕೊಳ್ಳುವವನ ಕಣ್ಣಿಗೆ ಬೀಳದು. ಅಂತಹ ಕೆಲಸದಲ್ಲಿ ಆಯುಷ್ಯ ಕಳೆದವರು ಕಾರ್ಖಾನೆಯನ್ನು "ನಮ್ಮ ಕಂಪನಿ" ಎಂದು ಕರೆದುದು ಬರಿಯ ಬಾಯುಪಚಾರವಾಗಿರಲಿಲ್ಲ. ಈ ಶತಮಾನದ ಆರಂಭದಲ್ಲಿ ಅದು ಮುಚ್ಚಿಹೋಯಿತು. ಅದಕ್ಕೂ ಮೊದಲೇ, ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯಲ್ಲಿ ಬಟ್ಟೆಗಿರಣಿಗಳ ಸದ್ದು ಅಡಗುತ್ತ ಬಂದಿತ್ತು.

ಗೇಟಿಗೆ ಬೀಗ ಬಿದ್ದ ದಿನ "ಎಲ್ಲವೂ ನಿನ್ನದೇ" ಎಂಬ ಮಾತಿಗೆ ಏನರ್ಥ ಉಳಿಯಿತು? ಸ್ವಂತ ಮನೆಯೆಂದು ನಂಬಿದ್ದವನಿಗೆ ಸಂಬಳ ಹೋದುದಲ್ಲದೆ ಮನೆಯಿಂದ ಹೊರಹಾಕಿದಂತಹ ಅವಮಾನವೂ ಆಯಿತು. ಒಡೆತನವಿಲ್ಲದವನಿಗೆ ಒಡೆತನದ ಮಮಕಾರವನ್ನು ಮಾತ್ರ ಕೊಡುವುದು ನ್ಯಾಯವಲ್ಲವೆಂದು ನಾವು ಭಾವಿಸುವುದು ಇದಕ್ಕಾಗಿಯೇ. ಆದರೆ ಆ ಕೈಗಳು ಮಾಡಿದ ಯಂತ್ರಗಳು ಇಂದಿಗೂ ಸಣ್ಣಪುಟ್ಟ ವರ್ಕ್‌ಶಾಪುಗಳಲ್ಲಿ ಓಡುತ್ತಲಿವೆ. ಹಳೆಯ ಕಿರ್ಲೋಸ್ಕರ್ ಲೇತೆಂದರೆ ಕೊಳ್ಳಲು ಈಗಲೂ ಜನರಿದ್ದಾರೆ.

ಇನ್ನು ಯಜಮಾನ ಎಂಬ ಪದವನ್ನೇ ನೋಡೋಣ. ನಾವು ಅದನ್ನು ಧಣಿ ಎಂಬರ್ಥದಲ್ಲಿ ಬಳಸುತ್ತೇವೆ. ಮೂಲದಲ್ಲಿ ಅವನು ಯಜ್ಞ ಮಾಡಿಸುವವನು. ಋತ್ವಿಜರು ದಕ್ಷಿಣೆಗೆ ಒಪ್ಪಿ ಬಂದವರು. ಮೀಮಾಂಸಕರಂತೂ ಇದನ್ನು ಪರಿಕ್ರಯ, ಎಂದರೆ ಬೆಲೆಕೊಟ್ಟು ಪಡೆದ ಸೇವೆ, ಎಂದೇ ಕರೆದಿದ್ದಾರೆ. ಪೌರೋಹಿತ್ಯದ ಮನೆಯವರಾದ ನಾವು ಹೀಗೆ ಸಂಬಳದವರ ಸಾಲಿಗೆ ಸೇರಿದವರೆಂದು ಹೇಳಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ಯಜ್ಞದ ಫಲ ಯಜಮಾನನಿಗೆ. ಸ್ವರ ತಪ್ಪದಂತೆ ನೋಡಿಕೊಳ್ಳುವ ಹೊಣೆ ಋತ್ವಿಜನಿಗೆ. ಫಲ ನನ್ನದಲ್ಲವೆಂದು ಯಾವ ಋತ್ವಿಜನೂ ಸ್ವರವನ್ನು ಸಡಿಲಬಿಡಲಾಗದು. ಆಹುತಿ ಕೊಡುವ ಯಜಮಾನನೂ ಆ ದ್ರವ್ಯವು ತನ್ನದಲ್ಲವೆಂದು ಬಾಯಿಬಿಟ್ಟು ಹೇಳಿಯೇ ಕೊಡಬೇಕು. ಇಷ್ಟರ ಮೇಲೆ, ದಕ್ಷಿಣೆಯಿಲ್ಲದ ಯಜ್ಞವನ್ನು ಗೀತೆಯ ಹದಿನೇಳನೆಯ ಅಧ್ಯಾಯವು ತಾಮಸಗಳ ಗುಂಪಿಗೆ ಸೇರಿಸಿದೆ. ಕೂಲಿಯನ್ನು ಕಡಿಮೆಮಾಡಿ ಭಾವನೆಯನ್ನು ಹೆಚ್ಚು ಬೇಡುವ ಮಾಲೀಕರು ಈ ಸ್ಥಳವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಬಡಗಿಯ ದೃಷ್ಟಾಂತವನ್ನು ಹಿಡಿದು ಧಣಿಯೇ ದೇವರೆಂದು ಯಾರಾದರೂ ವಾದಿಸಿದರೆ ಅದು ಸಿದ್ಧಾಂತಕ್ಕೆ ಸಲ್ಲದು. ಸ್ವತಂತ್ರನು ಶ್ರೀಹರಿಯೊಬ್ಬನೇ, ಉಳಿದುದೆಲ್ಲವೂ ಅಸ್ವತಂತ್ರ. ಆ ಎರಡನೆಯ ಪಟ್ಟಿಯಲ್ಲಿ ಕೂಲಿಯವನೂ ಕಾರ್ಖಾನೆಯ ಮಾಲೀಕನೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ. ಆದುದರಿಂದ ನ್ಯಾಯವಾದ ವೇತನ ಕೇಳುವುದಾಗಲಿ, ಸಂಘ ಕಟ್ಟುವುದಾಗಲಿ ಸ್ವಧರ್ಮಕ್ಕೆ ವಿರೋಧವೆನ್ನುವುದು ತಪ್ಪು. ಉದ್ಯಮಗಳ ಆಡಳಿತದಲ್ಲಿ ಕಾರ್ಮಿಕರು ಪಾಲುಗೊಳ್ಳುವಂತೆ ಸರ್ಕಾರವು ಕ್ರಮ ಕೈಗೊಳ್ಳಬೇಕೆಂಬ ನಿರ್ದೇಶಕ ತತ್ತ್ವವನ್ನು 1976ರ ನಲವತ್ತೆರಡನೆಯ ತಿದ್ದುಪಡಿಯ ಮೂಲಕ ಸಂವಿಧಾನದ 43ಎ ವಿಧಿಯಾಗಿ ಸೇರಿಸಲಾಗಿದೆ. ಬೆಂಗಳೂರಿನ ಕೆಲವು ಕಂಪನಿಗಳು ನೌಕರರಿಗೆ ಷೇರುಗಳನ್ನೇ ಹಂಚಿವೆ. ಅಂತಹ ಕಡೆ "ನಿನ್ನದೆಂದು ತಿಳಿ" ಎಂದರೆ ಆ ಮಾತಿಗೆ ಕಾಗದದ ಆಧಾರವಾದರೂ ಉಂಟು.

ಮಾಡಿಸಿದವನ ಹೆಸರಿಗೂ ಮಾಡಿದವನ ಹೆಸರಿಗೂ ಸ್ಥಳ ಬೇರೆಬೇರೆ ಎಂಬುದನ್ನು ನಮ್ಮ ಪೂರ್ವಿಕರು ಕಲ್ಲಿನಲ್ಲಿಯೇ ತೋರಿಸಿದ್ದಾರೆ. ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಅದಕ್ಕೂ ಶತಮಾನ ಹಿಂದಿನ ಬೇಲೂರಿಗೆ ಹೋದರೆ, ವಿಷ್ಣುವರ್ಧನನು ಕಟ್ಟಿಸಿದ ಗುಡಿಯಲ್ಲಿ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳಿವೆ. ಗುಡಿ ದಾಸೋಜನದಲ್ಲ, ಆ ಕೆತ್ತನೆ ಅವನದು. ಅರಸನೂ ಅದನ್ನು ಅಳಿಸಲಿಲ್ಲ.

ಈ ಭೇದದ ನಿಜವಾದ ಪರೀಕ್ಷೆ ಬರುವುದು ಮಾಡಿಸುವವನು ತಪ್ಪನ್ನು ಮಾಡಿಸಹೊರಟಾಗ. ಅಳತೆಗೆ ಸೇರದ ಶಾಫ್ಟೊಂದನ್ನು ಮೈಕ್ರೋಮೀಟರು ತೋರಿಸಿಕೊಟ್ಟಿದೆ. "ಪಾಸು ಮಾಡು, ಲಾರಿ ಕಾಯುತ್ತಿದೆ" ಎನ್ನುತ್ತಾರೆ ಮೇಲಿನವರು. ಒಡೆಯನಂತೆ ಯೋಚಿಸುವವನು ನಷ್ಟವನ್ನು ಲೆಕ್ಕಹಾಕಿ ಪಾಸು ಮಾಡಬಹುದು. ಆಳಿನಂತೆ ಯೋಚಿಸುವವನು ಅಪ್ಪಣೆಯೆಂದು ಪಾಸು ಮಾಡಬಹುದು. ಆಚಾರ್ಯರು ಹೇಳಿದ ಬಡಗಿ ಮಾತ್ರ ಇಲ್ಲಿ ನಿಲ್ಲುತ್ತಾನೆ. ಮಾಲು ತಮ್ಮದು, ಕಳಿಸುವುದೂ ಬಿಡುವುದೂ ತಮ್ಮ ಚಿತ್ತ. ಆದರೆ ಅಳತೆ ಬರೆಯುವ ಕೈ ನನ್ನದು, ಸುಳ್ಳು ಬರೆಯಲಾರೆ ಎಂದು ಅವನು ಹೇಳಬಲ್ಲನು. ವಿಧಿನಿಷೇಧಗಳು ಸಾರ್ಥಕವಾಗಬೇಕಾದರೆ ಜೀವನು ಕರ್ತೃವೇ ಆಗಿರಬೇಕೆಂದು ಸೂತ್ರಕಾರರು ಅದೇ ಪ್ರಕರಣದಲ್ಲಿ ಹೇಳಿರುವುದರ ಬೆಲೆ ಆಗ ತಿಳಿಯುತ್ತದೆ.

ಹೀಗೆಂದವನಿಗೆ ಕೆಲಸ ಹೋಗಲೂಬಹುದು. ಹೆಂಡತಿ ಮಕ್ಕಳಿರುವವನಿಗೆ ಅದು ಪುಸ್ತಕದಲ್ಲಿ ಓದಿದಷ್ಟು ಸುಲಭವಲ್ಲ. ಕೆಲಸ ಹೋಗುವ ಭಯದಿಂದ ಬಾಯಿಮುಚ್ಚಿಕೊಂಡವನನ್ನು ಜರೆಯಲು ನಮಗೆ ಮನಸ್ಸು ಬಾರದು. ಆದರೆ ನಮ್ಮ ವಾಚಕರಲ್ಲಿ ಅಂಗಡಿ, ಕಾರ್ಖಾನೆ ಇಟ್ಟವರೂ ಇದ್ದಾರೆ. ಅಂತಹ ಹುಡುಗನೊಬ್ಬನು ತಮ್ಮ ಬಾಗಿಲಿಗೆ ಕೆಲಸ ಕೇಳಿ ಬಂದಾಗ, ಹಿಂದಿನ ಕಡೆ ಏಕೆ ಬಿಟ್ಟೆಯಪ್ಪ ಎಂದು ಕೇಳಿ, ಅವನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಬೇಕೆಂದು ಅವರಲ್ಲಿ ವಿನಂತಿಸುತ್ತೇವೆ.