ಮುಚ್ಚಿದ ಬಾಗಿಲಿನ ಒಳಗೆ ಯಾರು?

ನ್ಯಾಯ ಬಯಲಲ್ಲಿ ನಡೀಬೇಕು ಎಂದು ಕೂಗುತ್ತ ಬಂದವರು ನಾವು. ಮುಚ್ಚಿದ ಬಾಗಿಲು ಅಂದರೆ ನಮಗೆ ಅನುಮಾನ. ಅಂಥ ಬಾಗಿಲುಗಳ ಹಿಂದೆಯೇ ನಮ್ಮವರ ಜಮೀನು ಬೇರೆಯವರ ಹೆಸರಿಗೆ ಹೋದದ್ದು, ನಮ್ಮವರ ಕೊಲೆ ಆಕಸ್ಮಿಕ ಸಾವಾದದ್ದು. ಆದ್ದರಿಂದ ಮಗುವಿನ ಮೇಲಿನ ದೌರ್ಜನ್ಯದ ಕೇಸು ನಡೆಯುವಾಗ ಸಂಘದ ಹುಡುಗರನ್ನು ಕೋರ್ಟಿನ ಬಾಗಿಲಲ್ಲೇ ತಡೆದರೆ, ‘ಯಾಕ್ರೀ ಮುಚ್ಚಿ ಮಾಡ್ತೀರಿ?’ ಅನ್ನುವ ಸಿಟ್ಟು ಬರುವುದು ಸಹಜ.

ಆದರೆ ಬಯಲೆಂಬುದನ್ನೂ ನಾವು ಕಂಡವರೇ. ಊರ ಅರಳಿಕಟ್ಟೆಯ ಪಂಚಾಯ್ತಿಗಿಂತ ಬಯಲಾದ ನ್ಯಾಯಸ್ಥಾನ ಯಾವುದಿತ್ತು? ಊರಿಗೆ ಊರೇ ಸೇರುತ್ತಿತ್ತು. ಕಟ್ಟೆಯ ಮೇಲೆ ಗೌಡ, ಶಾನುಭೋಗ. ಕೆಳಗೆ ದೂರದಲ್ಲಿ ಕೈಕಟ್ಟಿ ನಿಂತ ನಮ್ಮ ಕೇರಿ. ನೊಂದ ಹುಡುಗಿ ಅಷ್ಟು ಕಣ್ಣುಗಳ ಮುಂದೆ ಬಾಯಿ ಬಿಡಬೇಕಿತ್ತು. ಅವಳು ಬಾಯಿ ಬಿಡುತ್ತಿರಲಿಲ್ಲ. ಅವಳ ಮೌನವನ್ನೇ ಒಪ್ಪಿಗೆ ಅಂತ ಬರೆದುಕೊಂಡು ಪಂಚಾಯ್ತಿ ಏಳುತ್ತಿತ್ತು. ಬಯಲು ತಾನೇ ತಾನಾಗಿ ನ್ಯಾಯವಲ್ಲ. ಬಯಲಲ್ಲಿ ಯಾರ ಕಣ್ಣಿಗೆ ಬಲವಿದೆ ಅನ್ನೋದೇ ಪ್ರಶ್ನೆ.

ಮಕ್ಕಳ ಮಾತಿರಲಿ, ದೊಡ್ಡವರೇ ಆ ಕಣ್ಣುಗಳನ್ನು ಎದುರಿಸಲಾರರು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮತ್ತೆ ಅದೇ ಊರಲ್ಲಿ, ಅದೇ ಜನರ ನಡುವೆ ಬದುಕಬೇಕಾದವರು ಎಷ್ಟು ನಿಜ ಹೇಳಬಲ್ಲರು? ಹಾಗಿರುವಾಗ ಕನಕಪುರದ ಕಡೆಯ ಹಟ್ಟಿಯೊಂದರಿಂದ ಬಸ್ಸು ಹತ್ತಿ ಬಂದ ಹತ್ತು ವರ್ಷದ ಹುಡುಗಿಯ ಗತಿ?

ಅದಕ್ಕೇ 2012ರ ಪೋಕ್ಸೋ ಕಾಯ್ದೆ ಬಾಗಿಲು ಹಾಕುತ್ತದೆ. ಮಗು ಸಾಕ್ಷಿ ಹೇಳುವಾಗ ಆರೋಪಿ ಅದರ ಕಣ್ಣಿಗೆ ಬೀಳಕೂಡದು ಅನ್ನುತ್ತದೆ. ತಪ್ಪು ಹೊರಿಸಲ್ಪಟ್ಟ ಮಕ್ಕಳಿಗೂ ಇಂಥದೇ ರಕ್ಷಣೆ ಇದೆ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟು, ಇಬ್ಬರು ಸಮಾಜ ಕಾರ್ಯಕರ್ತರು ಕೂಡಿದ ಮಂಡಳಿ ವಿಚಾರಣೆ ಮಾಡುತ್ತದೆ. ಅದು ಕೋರ್ಟಿನ ಆವರಣದಲ್ಲಾಗಲಿ ಜೈಲಿನ ಆವರಣದಲ್ಲಾಗಲಿ ಕೂರಕೂಡದು, ಕೇಸಿಗೆ ಸಂಬಂಧವಿಲ್ಲದವರು ಕೋಣೆಯಲ್ಲಿ ಇರಕೂಡದು ಎಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ಊರಲ್ಲಿ ಕಳವಾದರೆ ಮೊದಲು ಯಾವ ಕೇರಿಯ ಹುಡುಗನ ಹೆಸರು ಬರುತ್ತದೆಂದು ನಮಗೆ ಗೊತ್ತು. ಆ ಹೆಸರು ಒಮ್ಮೆ ಪೇಪರಿನಲ್ಲಿ ಬಂದರೆ ಶಾಲೆಯೂ ಹೋಯ್ತು, ಕೂಲಿಯೂ ಹೋಯ್ತು. ಈ ಬಾಗಿಲು ನಮ್ಮ ಮಕ್ಕಳಿಗೇ ಹೆಚ್ಚು ಬೇಕಾದ್ದು.

ಹಾಗಾದರೆ ನಮ್ಮ ಅನುಮಾನ ಸುಳ್ಳೇ? ಅಲ್ಲ. ಬಾಗಿಲು ಮುಚ್ಚಿದರೂ ಉಳ್ಳವನಿಗೆ ಒಂದು ಕಿಂಡಿ ಇರುತ್ತದೆ. ಅವನ ಲಾಯರು ಒಳಗಿರುತ್ತಾನೆ, ಅವನಿಗೆ ಬೇಕಾದವರು ವರಾಂಡದಲ್ಲಿ ಓಡಾಡುತ್ತಾರೆ. ಕೂಲಿ ಬಿಟ್ಟು ಬಂದ ಅವ್ವ ಮಾತ್ರ ಒಂಟಿ. ಇಲ್ಲಿ ಕಾನೂನಿನ ಇನ್ನೊಂದು ಮಾತನ್ನು ನಾವು ಬಾಯಿಪಾಠ ಮಾಡಬೇಕು. ಪೋಕ್ಸೋದ 37ನೇ ಕಲಮು ಬಾಗಿಲು ಹಾಕುವಾಗಲೇ, ತಂದೆತಾಯಿ ಇಲ್ಲವೇ ಮಗು ನಂಬಿದ ಬೇರೆಯವರು ಒಳಗಿರಬೇಕು ಅನ್ನುತ್ತದೆ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಸೇರಿದ 15ಎ ಕಲಮು, ನೊಂದವರು ಸಂಘಸಂಸ್ಥೆಗಳ, ಸಮಾಜ ಕಾರ್ಯಕರ್ತರ, ವಕೀಲರ ನೆರವು ಪಡೆಯುವುದನ್ನು ಹಕ್ಕು ಎಂದೇ ಕರೆದಿದೆ. ಮಾಗಡಿಯ, ಚನ್ನಪಟ್ಟಣದ ಹಳ್ಳಿ ಶಾಲೆಯ ಮೇಷ್ಟ್ರೇ, ಮಗು ನಿಮ್ಮ ಹೆಸರು ಹೇಳಿದರೆ ನೀವು ಹೊರಗಿನವರಲ್ಲ. ಒಂದು ದಿನ ರಜೆ ಹಾಕಿ ಹೋಗಿ, ಅದರ ಪಕ್ಕ ಕೂತ್ಕೊಳ್ಳಿ.

ಆದರೆ ಹೋದವರು ಕೂತು ಬರಬೇಕು, ಕಂಡದ್ದನ್ನು ಸಾರಬಾರದು. ಮಗುವಿನ ಹೆಸರು, ಊರು, ಫೋಟೋ ನಮ್ಮ ಕರಪತ್ರಕ್ಕೂ ಬರಬಾರದು, ಮೊಬೈಲಿಗೂ ಬರಬಾರದು. ‘ಹೆಸರಿಲ್ಲದೆ ಹೋರಾಟ ಹೇಗೆ ಕಟ್ಟೋದು?’ ಎಂದು ಕೇಳುವವರಿದ್ದಾರೆ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ತಂದಿತು. ಕುದಿನೀರಿಗೆ ಕೈ ಹಾಕಿ ಗೂಡಿನ ಎಳೆ ಹುಡುಕುವ ರಾಮನಗರದ ಮಕ್ಕಳೂ ಅದರಲ್ಲಿದ್ದರು. ಮಕ್ಕಳ ನಿಜ ಹೆಸರು ಅದರಲ್ಲಿ ಇರಲಿಲ್ಲ. ಸುಟ್ಟ ಕೈ, ಮುಂಗಡದ ಸಾಲ, ದುಡಿಮೆಯ ಗಂಟೆಗಳು ಇದ್ದವು. ಹೆಸರು ಮರೆಸಿದ್ದಕ್ಕೆ ಅನ್ಯಾಯ ಮರೆಯಾಗಲಿಲ್ಲ.

ಮಗುವಿನ ಗುಟ್ಟೇ ಬೇರೆ, ಸರ್ಕಾರದ ಗುಟ್ಟೇ ಬೇರೆ. ಮೊದಲನೆಯದನ್ನು ನಾವು ಕಾಯಬೇಕು, ಎರಡನೆಯದನ್ನು ಒಡೆಯಬೇಕು. ಮಗುವಿನ ಸಾಕ್ಷ್ಯ 30 ದಿನದಲ್ಲಿ, ವಿಚಾರಣೆ ಆದಷ್ಟೂ ಒಂದು ವರ್ಷದಲ್ಲಿ ಮುಗೀಬೇಕೆಂದು ಪೋಕ್ಸೋ ಹೇಳುತ್ತದೆ. ಈ ನಾಲ್ಕು ತಾಲೂಕಿನ ಎಷ್ಟು ಕೇಸು ಹಾಗೆ ಮುಗಿದವು? ಎಷ್ಟರಲ್ಲಿ ಸಾಕ್ಷಿ ತಿರುಗಿಬಿದ್ದರು? ವಾಯಿದೆ ಯಾರು ಕೇಳಿದರು, ಯಾಕೆ ಕೊಟ್ಟರು? ಇದನ್ನೆಲ್ಲ ಯಾವ ಮಗುವಿನ ಹೆಸರೂ ಎತ್ತದೆ ಕೇಳಬಹುದು. ಕೇಳಲೇಬೇಕು.

ಬಾಗಿಲು ಇರಲಿ. ಅದನ್ನು ಯಾರಿಗೆ ತೆರೆಯಬೇಕೆಂದು ಹೇಳುವ ಮಾತು ಮಗುವಿನದಾಗಿರಲಿ. ಕರೆದರೆ ಒಳಗೆ ಹೋಗೋಣ. ಕರೆಯದಿದ್ದರೆ ಹೊರಗೆ ಮರದ ಕೆಳಗೆ ಕಾದಿದ್ದು, ಸಂಜೆ ಅವ್ವನನ್ನೂ ಮಗುವನ್ನೂ ಬಸ್ಸು ಹತ್ತಿಸಿ, ಊರು ಮುಟ್ಟುವ ತನಕ ಜೊತೆಗೆ ಹೋಗೋಣ. ಅದೂ ಹೋರಾಟವೇ.