ಗಿಳಿಹಸಿರು ಅಂಗಿ

ಕಳೆದ ತಿಂಗಳು ನಮ್ಮ ಆಫೀಸಿನಲ್ಲಿ ಇಂಟರ್‌ವ್ಯೂ ಮಾಡುವವರ ಸಾಲಿನಲ್ಲಿ ನಾನೂ ಕೂತಿದ್ದೆ. ಗಿಳಿಹಸಿರು ಅಂಗಿಯ, ಎರಡೂ ಕಿವಿಗೆ ಓಲೆ ಹಾಕಿದ ಹುಡುಗನೊಬ್ಬ ಬಂದ. ಉತ್ತರಗಳೆಲ್ಲ ಸರಿಯಾಗಿದ್ದವು. ಆದರೂ ಷರಾದಲ್ಲಿ ‘ಗಂಭೀರತೆ ಸಾಲದು’ ಎಂದು ಬರೆದೆ. ಅವನಿಗೆ ಕೆಲಸ ಸಿಗಲಿಲ್ಲ. ಪುಣೆಯ ನನ್ನ ಫ್ಲ್ಯಾಟಿಗೆ ಮರಳಿ ತಿಳಿನೀಲಿ ಅಂಗಿ ಕಳಚುವಾಗ, ಆ ಮಾತು ನನಗೆ ಎಲ್ಲಿಂದ ಬಂತು ಎಂದು ಯೋಚನೆ ಹತ್ತಿತು.

ಗಂಡಸಿನ ಗಂಭೀರತೆಗೆ ಮಂಕು ಬಣ್ಣವೇ ಬೇಕೆಂಬುದು ತೀರಾ ಹಳೆಯ ಮಾತಲ್ಲ. ಫ್ರಾನ್ಸಿನ ದೊರೆ 14ನೇ ಲೂಯಿಯನ್ನು ರಿಗೋ 1701ರಲ್ಲಿ ಚಿತ್ರಿಸಿದ್ದಾನೆ. ಬಿಳಿ ರೇಷ್ಮೆಯ ಕಾಲುಚೀಲ, ಕೆಂಪು ಹಿಮ್ಮಡಿಯ ಎತ್ತರದ ಜೋಡು, ಹೆಗಲಿಗಿಳಿದ ಗುಂಗುರು ವಿಗ್ಗು. ಆಗ ಅವನಿಗೆ ಅರವತ್ತು ದಾಟಿತ್ತು! ಅದು ಶೋಕಿಯಷ್ಟೇ ಅಲ್ಲ, ಅಧಿಕಾರದ ಗುರುತು. ಕೆಂಪು ಹಿಮ್ಮಡಿ ಆಸ್ಥಾನದ ಕುಲೀನರಿಗೆ ಸಲ್ಲುವಂಥದ್ದು. ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ರಾಣಿಯಂತೂ 1574ರಲ್ಲಿ ಯಾವ ದರ್ಜೆಯವರು ಯಾವ ಬಟ್ಟೆ ತೊಡಬಹುದೆಂದು ಆಜ್ಞೆಯನ್ನೇ ಹೊರಡಿಸಿದ್ದಳು. ಹಾಗಾಗಿ ಆ ಥಳುಕಿನ ಕಾಲವನ್ನು ನಾನು ಹೊಗಳಲಾರೆ.

ಆಮೇಲೆ ಬಂದವನು ಲಂಡನ್ನಿನ ಬ್ಯೂ ಬ್ರಮ್ಮೆಲ್. ಕಡುನೀಲಿ ಕೋಟು, ಕೊರಳಿಗೆ ಶುಭ್ರ ಬಿಳಿ ಬಟ್ಟೆ, ಅಷ್ಟೇ. ಆ ‘ಅಷ್ಟೇ’ಗೆ ಅವನಿಗೆ ಗಂಟೆಗಟ್ಟಲೆ ಬೇಕಾಗುತ್ತಿತ್ತೆಂದು ಪ್ರತೀತಿ. 1816ರಲ್ಲಿ ಸಾಲಗಾರರಿಗೆ ಹೆದರಿ ಫ್ರಾನ್ಸಿಗೆ ಓಡಿಹೋದ. ಗಂಡಸರು ಹೀಗೆ ಬಣ್ಣ ಬಿಟ್ಟದ್ದನ್ನು ಫ್ಲೂಗೆಲ್ ಎಂಬ ಮನಶ್ಶಾಸ್ತ್ರಜ್ಞ 1930ರಲ್ಲಿ ‘ಮಹಾತ್ಯಾಗ’ ಎಂದು ಕರೆದ. ಫ್ರೆಂಚ್ ಕ್ರಾಂತಿಯ ಸಮಾನತೆಯ ಆದರ್ಶ, ದುಡಿಮೆಗೆ ಬಂದ ಮರ್ಯಾದೆ ಅದಕ್ಕೆ ಕಾರಣವೆಂದ. ಈ ಮಾತನ್ನು ಅರ್ಧ ಒಪ್ಪುತ್ತೇನೆ. ಬಣ್ಣ ಹೋಯಿತು, ದರ್ಜೆ ಹೋಗಲಿಲ್ಲ. ಅದು ಹೊಲಿಗೆಯೊಳಗೆ, ನೂಲಿನೊಳಗೆ, ಇಸ್ತ್ರಿಯೊಳಗೆ ಸೇರಿಕೊಂಡಿತು. ಕೆಂಪು ಹಿಮ್ಮಡಿ ದೂರದಿಂದಲೇ ಕಾಣುತ್ತಿತ್ತು. ನನ್ನ ತಿಳಿನೀಲಿಯ ಅರ್ಥ ಒಳಗಿನವರಿಗಷ್ಟೇ ಗೊತ್ತು. ಈ ಊರಿಗೆ ಬಂದ ಹೊಸದರಲ್ಲಿ ನನಗೂ ಗೊತ್ತಿರಲಿಲ್ಲ. ನೋಡಿ ನೋಡಿ ಕಲಿತೆ. ಆ ಹುಡುಗ ಬಹುಶಃ ತನ್ನಲ್ಲಿದ್ದ ಅತ್ಯುತ್ತಮ ಅಂಗಿಯನ್ನೇ ಹಾಕಿಕೊಂಡು ಬಂದಿದ್ದ.

ನಮ್ಮಜ್ಜ ಕಿವಿಗೆ ಒಂಟಿ, ತಲೆಗೆ ಜರಿಯಂಚಿನ ರುಮಾಲು ಇಲ್ಲದೆ ಪಂಚಾಯ್ತಿಗೆ ಹೋದವರಲ್ಲ. ಊರಲ್ಲಿ ಜಗಳ ಬಿಡಿಸಲು ಅವರನ್ನೇ ಕರೆಯುತ್ತಿದ್ದರು. ಅವರ ಫೋಟೊ ನನ್ನ ಮೇಜಿನ ಮೇಲೇ ಇದೆ.

ಷರಾ ತಿದ್ದಬಹುದೇ ಎಂದು ಕೇಳಿ ಆಫೀಸಿಗೆ ಮೇಲ್ ಬರೆದೆ. ಹುದ್ದೆ ಭರ್ತಿಯಾಗಿದೆ ಎಂಬ ಉತ್ತರ ಬಂತು.