ಬರ್ರಿ ಎನ್ನುವವರು ಯಾರು?

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಹೊಸಬರಿಗೆ ಮೊದಲು ಸಿಗುವ ಮಾತು ‘ಬರ್ರಿ’. ಚಹಾದಂಗಡಿಯಿರಲಿ, ಖಾನಾವಳಿಯಿರಲಿ, ‘ಬರ್ರಿ, ಕೂಡ್ರಿ’ ಎನ್ನದೆ ವ್ಯವಹಾರ ಶುರುವಾಗುವುದಿಲ್ಲ. ಎರಡನೆಯ ಮಾತು ‘ಯಾವೂರ್ರಿ ನಿಮ್ದು?’ ಸಲಿಗೆ ತುಸು ಬೆಳೆದ ಮೇಲೆ ಮೂರನೆಯದು ಬರುತ್ತದೆ: ‘ಯಾರ ಪೈಕಿ?’ ಮೂರನ್ನೂ ನಮ್ಮ ಕಡೆಯ ಮಂದಿ ಅಕ್ಕರೆಯಿಂದಲೇ ಕೇಳುತ್ತಾರೆ. ಆದರೆ ಮೊದಲನೆಯದು ಬಾಗಿಲು ತೆರೆಯುತ್ತದೆ, ಮೂರನೆಯದು ಅದೇ ಬಾಗಿಲನ್ನು ಸದ್ದಿಲ್ಲದೆ ಮುಚ್ಚಬಲ್ಲದು.

ನಾವು ಐದಾರು ಗೆಳೆಯರು ಕೆಲವು ತಿಂಗಳಿಂದ ಈ ಬಜಾರದಲ್ಲೊಂದು ಸಣ್ಣ ಕೆಫೆ ತೆರೆಯುವ ಮಾತಾಡುತ್ತಿದ್ದೇವೆ. ಲಾಭ ಬೇಕಿಲ್ಲ, ಕೈಯಿಂದ ಹೋಗದಿದ್ದರೆ ಸಾಕು. ರೈಲಿಳಿದ ವಿದ್ಯಾರ್ಥಿ, ಹಮಾಲಿ ಮಾಡುವವರು, ಆಸ್ಪತ್ರೆಗೆಂದು ಹಳ್ಳಿಯಿಂದ ಬಂದು ಸಂಜೆಯ ಗಾಡಿಗೆ ಕಾಯುವ ಮುದುಕಿ, ಯಾರೇ ಆಗಲಿ ಒಂದು ಚಹಾ ಕುಡಿದು ಒಂದು ತಾಸು ಕೂಡಬೇಕು, ಯಾರೂ ಎಬ್ಬಿಸಬಾರದು. ಒಂದು ಕಪಾಟು ಪುಸ್ತಕ, ತಣ್ಣನೆಯ ನೀರಿನ ಮಡಕೆ. ಎಲ್ಲವೂ ಇನ್ನೂ ಕಾಗದದ ಮೇಲಿದೆ. ಬಾಡಿಗೆ, ಬಂಡವಾಳದ ಲೆಕ್ಕ ಒಂದೇ ಸಂಜೆಯಲ್ಲಿ ಮುಗಿಯಿತು. ಮುಗಿಯದೆ ಉಳಿದದ್ದು ಮೆನು. ತಿನಿಸುಗಳ ಒಂದು ಪಟ್ಟಿಗೆ ಇಷ್ಟು ಜಗಳ ಯಾಕೆ ಎಂದು ಯೋಚಿಸುತ್ತ ಹೋದಂತೆ, ಅಲ್ಲಿರುವುದು ಬರೀ ತಿನಿಸಿನ ಪ್ರಶ್ನೆಯಲ್ಲ ಎನಿಸಿತು.

ಅತಿಥಿಯನ್ನು ಸ್ವಾಗತಿಸುವುದು ದೊಡ್ಡ ಮನಸ್ಸಿನ ವಿಷಯ ಎಂದು ನಾವು ನಂಬಿದ್ದೇವೆ. ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆದ ಪ್ರಬಂಧದಲ್ಲಿ ಇದನ್ನು ಒಪ್ಪುವುದಿಲ್ಲ. ಭೂಮಿ ದುಂಡಗಿದೆ, ಅದರ ಮೇಲೆ ಮನುಷ್ಯರು ಕೊನೆಯಿಲ್ಲದೆ ಚದುರಿಹೋಗಲಾರರು, ಒಬ್ಬರನ್ನೊಬ್ಬರು ಸಹಿಸಲೇಬೇಕು. ಆದ್ದರಿಂದ ಪರಸ್ಥಳದವನನ್ನು ಶತ್ರುವಿನಂತೆ ಕಾಣದಿರುವುದು ದಯೆಯಲ್ಲ, ಬಂದವನ ಹಕ್ಕು ಎನ್ನುತ್ತಾನೆ. ಎರಡು ಶತಮಾನದ ನಂತರ ಜಾಕ್ ದೆರಿದಾ ಇದನ್ನು ಇನ್ನೂ ಮುಂದೆ ಒಯ್ದ. ಬಂದವನ ಹೆಸರನ್ನೂ ಕೇಳದೆ ಬರಮಾಡಿಕೊಳ್ಳುವುದೇ ನಿಜವಾದ ಆತಿಥ್ಯ. ಆದರೆ ಹಾಗೆ ಕರೆಯಬೇಕಾದರೆ ಕರೆಯುವವನಿಗೊಂದು ಮನೆ ಇರಬೇಕು, ಆ ಮನೆಗೆ ಅವನೇ ಯಜಮಾನನಾಗಿರಬೇಕು. ಹೀಗೆ ಆತಿಥ್ಯದ ಹೊಟ್ಟೆಯಲ್ಲೇ ಯಜಮಾನಿಕೆಯೂ ಕೂತಿದೆ.

ಈ ತೊಡಕು ನಮ್ಮ ಸೀಮೆಗೆ ಹೊಸದಲ್ಲ. ‘ದಾಸೋಹ’ ಎಂಬ ಪದವೇ ಇದಕ್ಕೊಂದು ಉತ್ತರ. ಸೋಹಂ ಎಂದರೆ ಅವನೇ ನಾನು. ದಾಸೋಹಂ ಎಂದರೆ ನಾನು ದಾಸ. ಉಣಿಸುವವನು ಒಡೆಯನಲ್ಲ, ಆಳು. ಕಲಬುರಗಿಯ ಶರಣಬಸವೇಶ್ವರ ಗುಡಿಯ ದಾಸೋಹದಲ್ಲಿ ಕೂತವರನ್ನು ಯಾರೂ ಪೈಕಿ ಕೇಳುವುದಿಲ್ಲ. ಅದೇ ಊರಿನ ಬಂದೇ ನವಾಜರ ದರ್ಗಾದ ಲಂಗರಿನಲ್ಲೂ ಕೇಳುವುದಿಲ್ಲ. ಆ ಸೂಫಿ ಸಂತರು ಸುಮಾರು 1400ರ ಹೊತ್ತಿಗೆ ಇಲ್ಲಿಗೆ ಬಂದವರು, ಅಂದರೆ ಅವರೂ ಒಮ್ಮೆ ಈ ಊರಿನ ಅತಿಥಿಯೇ. ಇಂಥ ಎರಡು ಒಲೆಗಳಿರುವ ಊರಿನಲ್ಲಿ ನಮ್ಮ ಕೆಫೆ ಯಾತಕ್ಕೆ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದೇ.

ನನಗೆ ಹೊಳೆದ ಮೊದಲ ಉತ್ತರ ಬೆಲೆಯದ್ದು. ಮಾರ್ಸೆಲ್ ಮೊಸ್ ಎಂಬ ಫ್ರೆಂಚ್ ಸಮಾಜಶಾಸ್ತ್ರಜ್ಞ 1925ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ, ಉಚಿತ ಎನ್ನುವ ಕೊಡುಗೆಯೇ ಇಲ್ಲ, ಪ್ರತಿ ಕೊಡುಗೆಯೂ ಪಡೆದವನ ಮೇಲೊಂದು ಋಣ ಹೊರಿಸುತ್ತದೆ ಎಂದು ತೋರಿಸಿದ. ಗುಡಿಯಲ್ಲಿ, ದರ್ಗಾದಲ್ಲಿ ಆ ಋಣ ದೇವರಿಗೆ ಹೋಗುತ್ತದೆ, ಹಾಗಾಗಿ ಹಗುರ. ಭಕ್ತರು ತಂದ ದವಸವೇ ಅಲ್ಲಿ ಬೇಯುವುದರಿಂದ ಇವತ್ತು ಉಂಡವರು ಸುಗ್ಗಿಯಲ್ಲಿ ಕೊಡುವವರೂ ಆಗಬಹುದು. ಬಜಾರದ ಅಂಗಡಿಯಲ್ಲಿ ನಾವು ಪುಕ್ಕಟೆ ಕೊಟ್ಟರೆ ಆ ಋಣ ನಮಗೇ ಬಂದು ಸೇರುತ್ತದೆ. ಉಂಡವರು ನಮ್ಮ ಮುಖ ನೋಡಿ ಕೈಮುಗಿಯಬೇಕಾಗುತ್ತದೆ. 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನು ನಾಷ್ಟಾಕ್ಕೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟಿತು. ಆ ಹಣದಿಂದ ಅಡುಗೆಯ ಖರ್ಚು ಹುಟ್ಟುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಆ 5 ರೂಪಾಯಿ ಒಂದು ಕೆಲಸ ಮಾಡುತ್ತದೆ: ಸಾಲಿನಲ್ಲಿ ನಿಂತವನನ್ನು ಗಿರಾಕಿ ಮಾಡುತ್ತದೆ. ಗಿರಾಕಿ ‘ಸಾಂಬಾರಿಗೆ ಉಪ್ಪಿಲ್ಲ’ ಎಂದು ಹೇಳಬಲ್ಲ. ಪುಕ್ಕಟೆ ಉಂಡವನಿಗೆ ಆ ಮಾತು ಗಂಟಲಲ್ಲೇ ಉಳಿಯುತ್ತದೆ. ದೂರುವ ಅಧಿಕಾರವೂ ಒಂದು ಘನತೆಯೇ.

ಎರಡನೆಯ ಜಗಳ ತಟ್ಟೆಯದ್ದು. ಜೋಳದ ರೊಟ್ಟಿ, ತೊಗರಿಬ್ಯಾಳಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮುಂಜಾನೆಗೆ ಸುಸಲಾ, ಸಂಜೆಗೆ ಮಿರ್ಚಿ ಭಜಿ: ಇಲ್ಲಿಯವರೆಗೆ ಯಾರದೂ ತಕರಾರಿಲ್ಲ. ‘ಹಂಗಾದ್ರ ತಹರಿ?’ ಎಂದು ಒಬ್ಬಾತ ಕೇಳಿದಾಗ ಎಲ್ಲರೂ ಸುಮ್ಮನಾದರು. ಮಾಂಸ ಬೆರೆಸಿ ಮಾಡುವ ತಹರಿ ಈ ಊರಿನದೇ ಅನ್ನ, ಊರಿನ ಅರ್ಧ ಮಂದಿಯ ಹಬ್ಬದ ನೆನಪು. ‘ಶುದ್ಧ ಸಸ್ಯಾಹಾರಿ’ ಎಂಬ ಬೋರ್ಡು ಹಾಕಿದರೆ ಎಲ್ಲರೂ ಬರಬಹುದು ಎಂಬುದು ಒಂದು ವಾದ. ಎಲ್ಲರೂ ಬರಬಹುದು ನಿಜ, ಆದರೆ ಕೆಲವರು ತಮ್ಮ ಮನೆಯ ಅಡುಗೆಯನ್ನು ಹೊಸ್ತಿಲಾಚೆ ಬಿಟ್ಟು ಬರಬೇಕು ಎಂಬುದು ಇನ್ನೊಂದು. ‘ಶುದ್ಧ’ ಎಂಬ ಪದ ಅಡುಗೆಮನೆಯ ಸ್ವಚ್ಛತೆಯನ್ನು ಹೇಳುತ್ತಿಲ್ಲ, ಬೇರೆ ಯಾರನ್ನೋ ಅಶುದ್ಧರೆನ್ನುತ್ತಿದೆ.

ಇದು 2021ರ ಡಿಸೆಂಬರಿನಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ನಡೆದ ಚರ್ಚೆಯೇ. ಮಕ್ಕಳ ಅಪೌಷ್ಟಿಕತೆಯನ್ನು ಕಂಡ ಸರ್ಕಾರ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ತೊಡಗಿತು, ಬೇಡವೆಂದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಒಂದೇ ಸಾಲಿನಲ್ಲಿ ಕೂತ ಮಕ್ಕಳಲ್ಲಿ ಇದು ಭೇದ ತರುತ್ತದೆ ಎಂಬುದು ಅವರ ಒಂದು ವಾದ. ಆ ವಾದವನ್ನು ತಳ್ಳಿಹಾಕುವ ಮುನ್ನ ತೂಗಿ ನೋಡಬೇಕು. ಪಂಕ್ತಿಭೇದದ ಗಾಯ ನಮ್ಮಲ್ಲಿ ಹಳೆಯದು. ಆದರೆ ಭೇದ ಹುಟ್ಟುವುದು ಎರಡು ತಟ್ಟೆಗಳಲ್ಲಿ ಎರಡು ಬಗೆ ಇರುವುದರಿಂದಲ್ಲ, ಒಂದು ಬಗೆ ಮೇಲು, ಇನ್ನೊಂದು ಕೀಳು ಎಂದು ಮಕ್ಕಳಿಗೆ ನಾವು ಕಲಿಸುವುದರಿಂದ. ‘ನನ್ನ ತಟ್ಟೆಗೆ ಬೇಡ’ ಎನ್ನುವುದು ಒಬ್ಬರ ಮನಸ್ಸಾಕ್ಷಿ. ಅದಕ್ಕೆ ಬೇರೆ ಸೌಟು, ಬೇರೆ ಪಾತ್ರೆ ಇಡುವುದು ನಮ್ಮ ಕರ್ತವ್ಯ. ‘ಪಕ್ಕದವನ ತಟ್ಟೆಗೂ ಬೇಡ’ ಎನ್ನುವುದು ಮನಸ್ಸಾಕ್ಷಿಯಲ್ಲ, ಆಳ್ವಿಕೆ. ಕೆಫೆಯ ಗಲ್ಲೆಯ ಮೇಲೆ ಬೇಯಿಸಿದ ಮೊಟ್ಟೆಯ ಬುಟ್ಟಿ, ಅದರ ಪಕ್ಕದಲ್ಲೇ ಕಮಲಾಪುರದ ಕೆಂಬಾಳೆಯ ಗೊನೆ ಇರಲಿ ಎಂದು ನಾನು ಹೇಳಿದ್ದು ಇದಕ್ಕೇ. ಬೇಕಾದದ್ದನ್ನು ತಗೊಳ್ಳಿ, ಒಂದೇ ಬೆಂಚಿನ ಮೇಲೆ ಕೂಡ್ರಿ. (ಕೆಂಬಾಳೆ ದುಬಾರಿಯಾಗುತ್ತದೆ ಎಂಬ ತಕರಾರನ್ನು ಒಪ್ಪಿದ್ದೇನೆ.)

ಇಷ್ಟಾದರೂ ಮೂಲ ಪ್ರಶ್ನೆ ಹಾಗೇ ಉಳಿಯಿತು. ಇಲ್ಲಿಯತನಕ ನಾವು ಯೋಚಿಸಿದ್ದೆಲ್ಲ ಬರುವವರ ಬಗ್ಗೆ. ಕರೆಯುವವರು ನಾವೇ ಎಂಬುದನ್ನು ಯಾರೂ ಪ್ರಶ್ನಿಸಿರಲಿಲ್ಲ.

ನಮ್ಮ ಕಡೆ ಎಳ್ಳಮಾಸಿಯ ದಿನ ಹೊಲದಲ್ಲಿ ಊಟ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಕಟ್ಟಿಕೊಂಡು ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಬಂಧುಬಳಗದವರನ್ನು, ಗೆಳೆಯರನ್ನು, ದಾರಿಯಲ್ಲಿ ಹೋಗುವವರನ್ನೂ ಕರೆದು ಉಣ್ಣುವ ಹಬ್ಬ. ಇದಕ್ಕಿಂತ ತೆರೆದ ಆತಿಥ್ಯವನ್ನು ನಾನು ಕಂಡಿಲ್ಲ. ಆದರೂ ಆ ದಿನ ಹೊಲ ಇದ್ದವರು ಕರೆಯುತ್ತಾರೆ, ಹೊಲ ಇಲ್ಲದವರು ಹೋಗುತ್ತಾರೆ. ವರ್ಷವಿಡೀ ಅದೇ ಹೊಲದ ಕಸ ತೆಗೆದವಳು ಅಲ್ಲಿ ಅತಿಥಿ. ಮರುವರ್ಷವೂ ಅತಿಥಿ. ಅವಳಿಗೆ ಉಣ್ಣಲು ಯಾವ ಅಡ್ಡಿಯೂ ಇಲ್ಲ. ಕರೆಯಲು ಮಾತ್ರ ಜಾಗವಿಲ್ಲ.

ಶರಣರ ಕಥೆಗಳು ಈ ಜಾಗದ ಬಗ್ಗೆಯೇ ಇವೆ ಎಂದು ಈಗ ಅನಿಸುತ್ತದೆ. ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯ ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದವರು. ಒಂದು ದಿನ ಅಕ್ಕಿ ಹೆಚ್ಚು ಬಂದಾಗ, ಅಗತ್ಯಕ್ಕಿಂತ ಮಿಗಿಲಾದದ್ದನ್ನು ಹಿಂದಿರುಗಿಸಿ ಬಾ ಎಂದು ಲಕ್ಕಮ್ಮ ಗಂಡನನ್ನು ಕಳಿಸುತ್ತಾಳೆ. ಇದನ್ನು ನಾವು ಆಸೆಯ ಮೇಲಿನ ಜಯವೆಂದು ಪಾಠ ಮಾಡುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ: ಬಸವಣ್ಣನ ಮಹಾಮನೆಯಲ್ಲಿ ದಾಸೋಹ ನಡೆಯುತ್ತಿರುವಾಗಲೂ ಆಕೆ ತನ್ನ ಕಾಯಕದ ಅಕ್ಕಿಯಿಂದ ತನ್ನ ಗುಡಿಸಲಲ್ಲಿ ತಾನೇ ದಾಸೋಹ ಮಾಡಬೇಕೆನ್ನುತ್ತಾಳೆ. ಇನ್ನೊಬ್ಬರ ಔದಾರ್ಯದಲ್ಲಿ ಕಾಯಂ ಅತಿಥಿಯಾಗಿರಲು ಒಲ್ಲೆನೆನ್ನುತ್ತಾಳೆ. ಬಸವಣ್ಣ ಅಸ್ಪೃಶ್ಯ ಕುಲದ ಶಿವನಾಗಮಯ್ಯನನ್ನು ತನ್ನ ಮನೆಗೆ ಕರೆದದ್ದಕ್ಕಲ್ಲ, ಅವನ ಮನೆಗೆ ಹೋಗಿ ಉಂಡದ್ದಕ್ಕೆ ಬಿಜ್ಜಳನಲ್ಲಿಗೆ ದೂರು ಹೋಯಿತೆಂದು ಕಥೆ. ಉಣಿಸುವವನನ್ನು ಊರು ಹೊಗಳುತ್ತದೆ. ಉಣ್ಣಲು ಹೋದವನನ್ನು ಕಂಡು ಬೆಚ್ಚುತ್ತದೆ.

ಈಗಲೂ ಬೆಚ್ಚುತ್ತದೆ. ದಲಿತ ಮಹಿಳೆ ಅಡುಗೆ ಮಾಡಿದರೆಂದು ಮಕ್ಕಳನ್ನು ಬಿಸಿಯೂಟದಿಂದ ಬಿಡಿಸಿದ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇದೆ. ಅಂಬೇಡ್ಕರ್ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ 1901ರ ಒಂದು ಸಂಜೆಯನ್ನು ನೆನೆಯುತ್ತಾರೆ. ಮಸೂರು ಎಂಬ ರೈಲು ನಿಲ್ದಾಣದಲ್ಲಿಳಿದ ಪುಟ್ಟ ಹುಡುಗರನ್ನು ಸ್ಟೇಶನ್ ಮಾಸ್ತರು ಕನಿಕರದಿಂದಲೇ ಮಾತಾಡಿಸುತ್ತಾನೆ. ಯಾರು ನೀವು ಎಂಬ ಪ್ರಶ್ನೆಗೆ ‘ಮಹಾರರು’ ಎಂಬ ಉತ್ತರ ಬಂದೊಡನೆ ಅವನ ಮುಖವೇ ಬದಲಾಗುತ್ತದೆ. ಆ ರಾತ್ರಿ ಹುಡುಗರ ಬಳಿ ಬುತ್ತಿಯಿತ್ತು, ಕುಡಿಯಲು ನೀರು ಸಿಗಲಿಲ್ಲ. ಕನಿಕರಕ್ಕೂ ಆ ಪ್ರಶ್ನೆಗೂ ನಡುವೆ ಒಂದು ನಿಮಿಷದ ಅಂತರ. ನಮ್ಮ ಬಜಾರದ ‘ಯಾರ ಪೈಕಿ?’ ಆ ನಿಮಿಷದಿಂದ ಎಷ್ಟು ದೂರ ಬಂದಿದೆ ಎಂಬುದನ್ನು ಪ್ರತಿ ಬೆಂಚೂ ದಿನವೂ ಪರೀಕ್ಷಿಸುತ್ತಿರುತ್ತದೆ.

ಆದ್ದರಿಂದ ಮೆನುವಿನ ಕಡೆಯ ಪ್ರಶ್ನೆ, ಅಡುಗೆ ಯಾರದು ಎಂಬುದು. ವಾರದ ಒಂದೊಂದು ದಿನ ಒಂದೊಂದು ಮನೆಯ ಅಡುಗೆ ಎಂದು ಯೋಚಿಸಿದ್ದೇವೆ. ಜಿಲ್ಲೆಯ ಮಹಿಳಾ ಸ್ವಸಹಾಯ ಸಂಘಗಳು ‘ಕಲಬುರಗಿ ರೊಟ್ಟಿ’ ಹೆಸರಿನಲ್ಲಿ ರೊಟ್ಟಿಯನ್ನು ಊರಾಚೆಗೂ ಮುಟ್ಟಿಸುತ್ತಿವೆ. ಅಡುಗೆ ಬಲ್ಲವರಿಗೆ ಬರವಿಲ್ಲ. ತೊಡಕಿರುವುದು ಬೋರ್ಡಿನಲ್ಲಿ. ‘ಇವತ್ತಿನ ಅಡುಗೆ ಇಂಥವರದು’ ಎಂದು ಹೆಸರು ಬರೆಯಬೇಕೇ? ಬರೆದರೆ ಹೆಸರನ್ನು ಓದಿಯೇ ಕೆಲವರು ಪೈಕಿ ಲೆಕ್ಕ ಹಾಕಿ ಎದ್ದು ಹೋಗುತ್ತಾರೆ, ಆ ಹೆಣ್ಣುಮಗಳು ಅದನ್ನು ನೋಡುತ್ತ ನಿಲ್ಲಬೇಕು. ಬರೆಯದಿದ್ದರೆ ಬೆಂಚು ತುಂಬುತ್ತದೆ, ಆದರೆ ಅವಳನ್ನು ಗೋಡೆಯ ಹಿಂದೆ ಬಚ್ಚಿಟ್ಟು ತುಂಬಿದ ಬೆಂಚು ಅದು. ಉಂಡ ಮೇಲೆ ಹೇಳಿ ನಾಚಿಸುವುದಂತೂ ಮೋಸ. ಗಿರಾಕಿಗೂ ಮೋಸ, ಅವಳಿಗೂ ಮೋಸ. ಈ ಪ್ರಶ್ನೆಗೆ ನನ್ನ ಸಂಶೋಧನೆಯ ಯಾವ ಪುಸ್ತಕದಲ್ಲೂ ಸಿದ್ಧ ಉತ್ತರವಿಲ್ಲ. ನನಗೆ ತೋಚಿದ್ದು ಇಷ್ಟು: ಅದನ್ನು ತೀರ್ಮಾನಿಸುವ ಹಕ್ಕು ನಮಗಿಲ್ಲ. ಹೆಸರು ಬರೆಯಬೇಕೋ, ಬರೆದರೆ ಯಾವ ಹೆಸರು ಬರೆಯಬೇಕೋ, ಅವಳೇ ಹೇಳಲಿ. ಬೆಲೆಯನ್ನೂ ಅವಳೇ ಇಡಲಿ. ಬೆಂಚು ಖಾಲಿ ಉಳಿದ ದಿನದ ಕೂಲಿ ಅವಳಿಗೆ ಪೂರ್ತಿ ಮುಟ್ಟಲಿ, ನಷ್ಟ ನಮ್ಮ ಲೆಕ್ಕಕ್ಕಿರಲಿ. ಊರಿನ ಪೂರ್ವಗ್ರಹದ ಬಿಲ್ಲನ್ನು ಅವಳೊಬ್ಬಳೇ ಕಟ್ಟುವುದು ತಪ್ಪಿದರೆ ಅಷ್ಟರಮಟ್ಟಿಗೆ ನ್ಯಾಯ.

ಒಂದು ಕೆಫೆಯಿಂದ ಜಾತಿ ಹೋಗುತ್ತದೆಂಬ ಭ್ರಮೆ ಬೇಡ. ಸಹಭೋಜನ ಸಾಲದು ಎಂದು ಅಂಬೇಡ್ಕರ್ 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಆದರೆ ಸಾಲದ್ದು ಬೇಡವಾದದ್ದಲ್ಲ. ಬರುವವರಿಗೆಲ್ಲ ಬಾಗಿಲು ತೆರೆದರೆ ಅರ್ಧ ಕೆಲಸವಾಯಿತು. ಗಲ್ಲೆಯ ಹಿಂದೆ ನಾವೇ ಎಷ್ಟು ದಿನ ಕೂತಿರುತ್ತೇವೆ, ಎಂದು ಎದ್ದು ಬೆಂಚಿಗೆ ಬರುತ್ತೇವೆ ಎಂಬುದರಲ್ಲಿ ಉಳಿದರ್ಧವಿದೆ. ‘ಬರ್ರಿ’ ಎಂಬ ಮಾತು ಇಲ್ಲಿಯತನಕ ಕರೆಸಿಕೊಂಡೇ ಬಂದವರ ಬಾಯಿಂದ ಬಂದಾಗ, ನಾವು ಹೋಗಿ ಕೂಡಬೇಕು, ಕೊಟ್ಟದ್ದನ್ನು ಉಣ್ಣಬೇಕು, ದುಡ್ಡು ಕೊಡಬೇಕು. ಉಪ್ಪು ಕಡಿಮೆಯಾಗಿದ್ದರೆ ಅದನ್ನೂ ಹೇಳಬೇಕು.